ಬಣ್ಣಕ್ಕೆ ಮೊದಲಿನ ತೂತು

ಹಳೆಯ ಕಾರಿನ ಡಿಕ್ಕಿಯ ಮೇಲೆ ಡೀಲಕ್ಸ್ ಎಂಬ ಬೆಳ್ಳಿ ಬಣ್ಣದ ಅಕ್ಷರ ಕಂಡರೆ ನಂಬಬೇಡಿ. ಆ ಅಕ್ಷರಗಳು ಆಗಲೂ ಅಂಗಡಿಯಲ್ಲಿ ಸಿಗುತ್ತಿದ್ದವು, ಈಗಲೂ ಸಿಗುತ್ತವೆ. ಎರಡು ಸ್ಕ್ರೂ ಇದ್ದರೆ ಯಾವ ಸ್ಟ್ಯಾಂಡರ್ಡ್ ಗಾಡಿಯೂ, ಅಂದರೆ ಕಡಿಮೆ ಬೆಲೆಯ ಸಾದಾ ಗಾಡಿಯೂ, ಅರ್ಧ ಗಂಟೆಯಲ್ಲಿ ಡೀಲಕ್ಸ್ ಆಗುತ್ತದೆ. ಸೀಟು ನೋಡಿ ನಂಬಬೇಡಿ, ಸೀಟನ್ನು ಬಿಚ್ಚಿ ಹಾಕಬಹುದು. ಸ್ಟೀರಿಂಗಿನ ಮೇಲೆ ಹೊಳೆಯುವ ಹಾರನ್ ರಿಂಗ್ ನೋಡಿಯೂ ನಂಬಬೇಡಿ. ಬಾಗಿಲ ಉದ್ದಕ್ಕೂ ಹೋಗುವ ಕ್ರೋಮ್ ಪಟ್ಟಿ ಇದೆಯಲ್ಲ, ಬೀಡಿಂಗ್ ಎನ್ನುತ್ತಾರೆ, ಅದನ್ನು ಒಂದು ತುದಿಯಲ್ಲಿ ಸ್ವಲ್ಪ ಎಬ್ಬಿಸಿ ಹಿಂದಿನ ತೂತು ನೋಡಿ. ಡೀಲಕ್ಸ್ ಗಾಡಿಗೆ ಕಂಪನಿಯಲ್ಲಿ ಮೊದಲು ತೂತು, ಆಮೇಲೆ ಬಣ್ಣ. ಹಾಗಾಗಿ ತೂತಿನ ಅಂಚಿನ ಒಳಗೆ ಬಣ್ಣ ಇಳಿದಿರುತ್ತದೆ, ಉಗುರು ಆಡಿಸಿದರೆ ನುಣ್ಣಗೆ. ಸ್ಟ್ಯಾಂಡರ್ಡ್ ಗಾಡಿಗೆ ಯಾರೋ ಆಮೇಲೆ ಡ್ರಿಲ್ ಹಿಡಿದು ಕೊರೆದಿದ್ದರೆ ಅಂಚು ಬೋಳಾಗಿರುತ್ತದೆ, ಸುತ್ತ ತುಕ್ಕಿನ ಉಂಗುರ.

ಇದನ್ನೆಲ್ಲ ನನಗೆ ಕಲಿಸಿದ್ದು ದ್ವೇಷ. ಬೇರೆ ಟೀಚರ್ ಇರಲಿಲ್ಲ. ಇಂಗ್ಲಿಷಿನಲ್ಲಿ ಸ್ಪೈಟ್ ಎಂದು ಒಂದು ಶಬ್ದವಿದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಅದನ್ನು ಬೋರ್ಡಿನ ಮೇಲೆ ಬರೆದು, ಇದು ನಿಮ್ಮಲ್ಲಿ ಇರಬಾರದ ಗುಣ ಎಂದಿದ್ದರು. ನನಗೆ ಆ ಶಬ್ದದ ಸದ್ದು ಇಷ್ಟವಾಗಿತ್ತು, ಎಲೆಯಡಿಕೆ ಉಗಿದ ಹಾಗೆ. ಐವತ್ತು ವರ್ಷ ಅದನ್ನು ಬಾಯಲ್ಲಿ ಇಟ್ಟುಕೊಂಡಿದ್ದೆ.

ನನ್ನ ತವರು ನರಸಿಂಹರಾಜಪುರ, ನಾವು ಎನ್.ಆರ್.ಪುರ ಎನ್ನುವುದು. ಅಪ್ಪನದು ಪೇಟೆಯಲ್ಲಿ ಬಟ್ಟೆ ವ್ಯಾಪಾರ. ಒಬ್ಬಳೇ ಮಗಳು ಎಂದು ನನ್ನನ್ನು ಘಟ್ಟದ ಕೆಳಗಿನ ಕಾನ್ವೆಂಟಿಗೆ ಹಾಕಿ, ಹಾಸ್ಟೆಲಿನಲ್ಲಿ ಬಿಟ್ಟು, ಇಂಗ್ಲಿಷು ಕಲಿಸಿ, ಕೊನೆಗೆ ಕೊಪ್ಪದ ಒಂದು ಹಾರ್ಡ್‌ವೇರ್ ಅಂಗಡಿಯ ಮನೆಗೆ ಕೊಟ್ಟರು. ಆ ಮನೆಯಲ್ಲಿ ನನ್ನ ಗಂಡನಿಗೆ ಒಬ್ಬ ಅಣ್ಣ, ಅಂದರೆ ನನಗೆ ಭಾವ. ಮಾವ ತೀರಿಕೊಂಡಿದ್ದರಿಂದ ಅವರೇ ಯಜಮಾನರು. ಮಾತುಕತೆಗೆ ಕೂತಾಗ ಅವರು ಕೇಳಿದ್ದು ಒಂದೇ: ಹುಡುಗನಿಗೆ ಒಂದು ಕಾರು, ಅದೂ ಡೀಲಕ್ಸ್. ಆ ಕಾಲದಲ್ಲಿ ಕಾರಿಗೆ ಬುಕ್ ಮಾಡಿದರೆ ವರ್ಷಗಟ್ಟಲೆ ಕಾಯಬೇಕಿತ್ತು, ರಸ್ತೆಯ ಮೇಲೆ ಓಡುತ್ತಿದ್ದದ್ದೂ ಎರಡು ಮೂರು ಜಾತಿಯ ಕಾರುಗಳೇ. ಅಪ್ಪ ತಮಗೆಂದು ಎಷ್ಟೋ ವರ್ಷಗಳ ಹಿಂದೆ ಬುಕ್ ಮಾಡಿದ್ದ ಕಾರು ಮದುವೆಗೆ ಎರಡು ದಿನ ಇದೆ ಎನ್ನುವಾಗ ಬಂತು. ಅವರು ಅದರಲ್ಲಿ ಒಂದು ಸಲವೂ ಕೂರಲಿಲ್ಲ. ಸೀದಾ ಅಳಿಯನಿಗೆ ಕೊಟ್ಟರು.

ನಾನು ಆ ಕಾರನ್ನು ಸರಿಯಾಗಿ ನೋಡಿರಲಿಲ್ಲ. ಅರಿಸಿನ ಹಚ್ಚಿ ಕೂರಿಸಿದ ಮೇಲೆ ಮದುಮಗಳು ಅಂಗಳಕ್ಕೆ ಇಳಿಯುವ ಹಾಗಿಲ್ಲ. ಹೊರಡುವ ದಿನ ಅದರ ಮೈ ತುಂಬ ಸೇವಂತಿಗೆ ಹಾರ, ಬಣ್ಣದ ಕಾಗದ. ನಾನು ತಲೆ ತಗ್ಗಿಸಿ ಅಳುತ್ತಾ ಹಿಂದಿನ ಸೀಟಿನಲ್ಲಿ ಕೂತೆ. ನೆನಪಿರುವುದು ಇಷ್ಟೇ, ನನ್ನ ಮತ್ತು ಗಂಡನ ನಡುವೆ ಒಂದು ಪುಟ್ಟ ದಿಂಬಿನಂಥ ಕೈಯೊರಗು ಇತ್ತು, ಆರ್ಮ್‌ರೆಸ್ಟ್. ಸೀಟಿನ ಬೆನ್ನಿನಿಂದ ಎಳೆದರೆ ಬರುವಂಥದ್ದು. ಬಾಳೆಹೊನ್ನೂರು ದಾಟಿದ ಮೇಲೆ ಅವರು ನಾಚಿಕೊಂಡು ಅದರ ಮೇಲೆ ಕೈ ಇಟ್ಟರು. ನಾನೂ ಇಟ್ಟೆ. ಎರಡು ಕೈಯ ನಡುವೆ ನಾಲ್ಕು ಬೆರಳು ಜಾಗ ಇತ್ತು.

ಮದುವೆಯಾಗಿ ಒಂದು ತಿಂಗಳಿಗೆ ಭಾವ ಸರ್ವಿಸ್ ಮಾಡಿಸಬೇಕು ಎಂದು ಎರಡು ಕಾರನ್ನೂ ಶಿವಮೊಗ್ಗದ ಒಂದು ವರ್ಕ್‌ಶಾಪಿಗೆ ಕಳಿಸಿದರು. ಎರಡು ಎಂದರೆ, ನಮ್ಮದೊಂದು, ಮತ್ತೆ ಭಾವ ಹಿಂದಿನ ವರ್ಷ ಕೊಂಡಿದ್ದ ಅದೇ ಮಾಡೆಲಿನ ಸ್ಟ್ಯಾಂಡರ್ಡ್ ಕಾರು. ಹತ್ತು ಹನ್ನೆರಡು ದಿನ ಬಿಟ್ಟು ಎರಡೂ ಬಂದವು. ಭಾವನ ಕಾರು ಬಂದದ್ದು ಲಕಲಕ ಹೊಳೆಯುತ್ತಾ. ಬೊಂಬಾಯಿಯಿಂದ ಸಾಮಾನು ತರಿಸಿ ಹಾಕಿಸಿದೆ ಎಂದರು. ಯಾರೂ ಏನೂ ಕೇಳಲಿಲ್ಲ. ನಮಗೆಲ್ಲ ಕಾರು ಎಂದರೆ ಕಾರು. ನನ್ನ ಗಂಡನಂತೂ ಅಂಗಡಿಗೆ ನಡೆದೇ ಹೋಗುತ್ತಿದ್ದವರು.

ಮೊದಲ ದೀಪಾವಳಿಗೆ ಅಳಿಯನನ್ನು ಕರೆಯಲು ಅಪ್ಪ ಹಣ್ಣು, ಎಲೆಯಡಿಕೆ ಹಿಡಿದು ಎನ್.ಆರ್.ಪುರದ ನಾಲ್ಕು ಜನ ಹಿರಿಯರ ಜೊತೆ ಕೊಪ್ಪಕ್ಕೆ ಬಂದರು. ಕಾಫಿ ಆಯಿತು. ಭಾವ ಎದ್ದು, “ಮಾವ, ಸ್ವಲ್ಪ ಅಂಗಳಕ್ಕೆ ಬನ್ನಿ, ಒಂದು ವಿಷಯ ಇದೆ” ಎಂದು ಎಲ್ಲರನ್ನೂ ಕಾರಿನ ಹತ್ತಿರ ಕರೆದುಕೊಂಡು ಹೋದರು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ.

“ಡೀಲಕ್ಸ್ ಅಂತ ಮಾತಾಗಿತ್ತು ಅಲ್ವಾ ಮಾವ?”

“ಹೌದು. ಡೀಲಕ್ಸೇ ಕೊಟ್ಟದ್ದು.”

“ಹೌದಾ? ಹಾಗಾದ್ರೆ ನೋಡಿ.” ಭಾವ ಒಂದೊಂದೇ ತೋರಿಸುತ್ತಾ ಸುತ್ತು ಹೊಡೆದರು. “ಬಿಸಿಲಿಗೆ ಮರೆ ಮಾಡೋ ಹಲಗೆ ಡ್ರೈವರ್ ಕಡೆಗೆ ಮಾತ್ರ ಉಂಟು. ಡೀಲಕ್ಸಿಗೆ ಎರಡೂ ಕಡೆ. ಬಾಗಿಲಿಗೆ ಬೀಡಿಂಗ್ ಎಲ್ಲಿ? ಕಾಲಡಿಗೆ ರಬ್ಬರು, ಕಾರ್ಪೆಟ್ ಎಲ್ಲಿ? ಸ್ಟೀರಿಂಗಿಗೆ ಬಟನ್ನು, ರಿಂಗ್ ಇಲ್ಲ. ಚಕ್ರಕ್ಕೆ ನೋಡಿ, ಕಾಫಿ ಬಟ್ಟಲಿನಷ್ಟು ಕ್ಯಾಪು. ಡೀಲಕ್ಸಿಗೆ ಚಕ್ರ ಪೂರ್ತಿ ಮುಚ್ಚೋ ಹಾಗೆ ಬರ್ತದೆ. ಇದಕ್ಕೆ ಎಂತ ಹೇಳೋದು? ನಾವು ಸುಮ್ನೆ ಇರ್ತೀವಿ, ಮದುವೆ ಆಗಿಹೋಯ್ತಲ್ಲ. ಆದ್ರೆ ಮಾತು ಮಾತೇ ಅಲ್ವಾ?”

ಅಪ್ಪನ ಜೊತೆ ಬಂದವರು ನೆಲ ನೋಡಿದರು. ಅಪ್ಪ ಕಾರಿನ ಸುತ್ತ ಒಂದು ಸಲ ಬಂದರು. ಬಾಗಿಲ ಮೇಲೆ ಕೈ ಸವರಿದರು. ಆಚೆ ನಿಂತಿದ್ದ ಭಾವನ ಕಾರಿನ ಕಡೆ ನೋಡಿದರು. ಆಮೇಲೆ ಹೇಳಿದರು, “ಡೀಲರ್ ನಂಗೆ ಮೋಸ ಮಾಡಿರಬೇಕು. ನಾನು ನೋಡ್ಕೊಳ್ಳಬೇಕಿತ್ತು. ನನ್ನದೇ ತಪ್ಪು.”

ಆಗ ನನಗೆ ಆರ್ಮ್‌ರೆಸ್ಟ್ ನೆನಪಾಯಿತು. ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಇಪ್ಪತ್ತರ ಹುಡುಗಿ, ಹೊಸ ಮನೆ, ಅಷ್ಟೊಂದು ಗಂಡಸರು. ಅದಕ್ಕಿಂತ ದೊಡ್ಡ ಕಾರಣ, ನಾನು ಭಾವನ ಮಾತನ್ನು ನಂಬಿದೆ. ಅಪ್ಪ ಎಲ್ಲೋ ಕೈ ಬಿಗಿ ಮಾಡಿದ್ದಾರೆ, ಈಗ ಡೀಲರ್ ಮೇಲೆ ಹಾಕುತ್ತಿದ್ದಾರೆ ಅಂದುಕೊಂಡೆ. ಆರ್ಮ್‌ರೆಸ್ಟ್ ಕನಸಿರಬೇಕು, ಮದುವೆಯ ದಿನ ಏನೇನೋ ಕಾಣುತ್ತದೆ.

ಅಂದಿನಿಂದ ಆ ಮನೆಯಲ್ಲಿ ನನ್ನ ಹೆಸರು ಸ್ಟ್ಯಾಂಡರ್ಡ್. ಭಾವ ಇಟ್ಟ ಹೆಸರು. “ಸ್ಟ್ಯಾಂಡರ್ಡ್ ಎಲ್ಲಿ, ಕಾಫಿ ತರೋಕೆ ಹೇಳಿ.” “ಸ್ಟ್ಯಾಂಡರ್ಡಿಗೆ ಈ ಸೀರೆ ಸಾಕು, ಜರಿ ಎಂತಕ್ಕೆ.” ನನ್ನ ಇಂಗ್ಲಿಷನ್ನೂ ಬಿಡಲಿಲ್ಲ. “ಇವಳ ಇಂಗ್ಲಿಷ್ ಡೀಲಕ್ಸ್ ಮಾರಾಯ, ಇವಳ ಅಪ್ಪ ಮಾತ್ರ ಸ್ಟ್ಯಾಂಡರ್ಡ್.” ಎಲ್ಲರೂ ನಗುತ್ತಿದ್ದರು. ನನ್ನ ಗಂಡ ನಗುತ್ತಿರಲಿಲ್ಲ, ಆದರೆ ಎದ್ದು ಹೋಗುತ್ತಿದ್ದರು, ಅಷ್ಟೇ. ಅಪ್ಪ ಮತ್ತೆ ಕೊಪ್ಪಕ್ಕೆ ಬಂದಾಗಲೆಲ್ಲ ಜಗಲಿಯಲ್ಲಿ ಕೂತು ನನ್ನನ್ನು ನೋಡಿ, ನೀರು ಕುಡಿದು, ಬಸ್ಸಿಗೆ ಹೊತ್ತಾಯಿತು ಎಂದು ಹೊರಡುತ್ತಿದ್ದರು. ನಾನು ಅವರ ಜೊತೆ ಬಸ್ ಸ್ಟ್ಯಾಂಡಿನವರೆಗೂ ಹೋಗುತ್ತಿರಲಿಲ್ಲ. ನಿಮ್ಮಿಂದ ನನಗೆ ಈ ಹೆಸರು ಎಂದು ಒಂದು ಸಲ ಹೇಳಿಯೂ ಬಿಟ್ಟೆ. ಅವರು ಟವೆಲ್ ಹೆಗಲಿಗೆ ಹಾಕಿಕೊಂಡು, “ಹೌದು ಮಗ” ಎಂದರು. ಅವರು ತೀರಿಕೊಂಡಾಗ ನಾನು ಚೆನ್ನಾಗಿ ಅತ್ತೆ, ಆದರೆ ಕ್ಷಮಿಸಿರಲಿಲ್ಲ.

ಅದಾಗಿ ಎರಡು ವರ್ಷಕ್ಕೆ ನಮ್ಮ ಕಾರಿಗೆ ಬಣ್ಣ ಹೊಡೆಸಬೇಕಾಯಿತು. ಅಷ್ಟರಲ್ಲಿ ಅಣ್ಣತಮ್ಮಂದಿರ ಹಿಸ್ಸೆ ಆಗಿ, ಭಾವ ಬಸರೀಕಟ್ಟೆಯ ಕಾಫಿ ಎಸ್ಟೇಟಿಗೆ ಹೋಗಿದ್ದರು, ಅವರ ಕಾರೂ ಅಲ್ಲಿನ ಶೆಡ್ಡಿಗೆ ಹೋಗಿತ್ತು. ನಾನು ಬಣ್ಣ ಆರಿಸಲು ಕೊಪ್ಪದ ಗ್ಯಾರೇಜಿಗೆ ಹೋದೆ. ಪೈಂಟರ್ ಹಳೆಯ ಬಣ್ಣ ಕೆರೆಯುತ್ತಿದ್ದವನು ಬಾಗಿಲ ಮೇಲೆ ಬೆರಳಿಟ್ಟು ಕರೆದ.

“ಅಮ್ಮಾ, ಈ ತೂತಿಗೆಲ್ಲ ಪುಟ್ಟಿ ಹಾಕಿ ಮುಚ್ಚಿಸಿದ್ದು ಯಾರು?”

ನೋಡಿದರೆ ಬಾಗಿಲ ಉದ್ದಕ್ಕೂ ಒಂದೇ ಸಾಲಿನಲ್ಲಿ ತೂತುಗಳು, ಒಂದೊಂದರಲ್ಲೂ ಬಿಳಿ ಪುಟ್ಟಿ.

“ಎಂತ ತೂತು ಇದು?” ಎಂದೆ.

“ಬೀಡಿಂಗಿಂದು. ಇದು ಡೀಲಕ್ಸ್ ಬಾಡಿ ಅಲ್ವಾ. ಸ್ಟ್ಯಾಂಡರ್ಡಿಗೆ ಈ ತೂತೇ ಇರಲ್ಲ. ನೋಡಿ, ಒಳಗೆ ಕಂಪನಿ ಬಣ್ಣ ಇಳಿದಿದೆ. ಯಾರೋ ಬೀಡಿಂಗ್ ಕಿತ್ಕೊಂಡಿದಾರೆ. ಪಾಪ, ಒಳ್ಳೆ ಗಾಡಿ ಹಾಳು ಮಾಡಿದಾರೆ.”

ನಾನು ಗ್ಯಾರೇಜಿನ ಕಲ್ಲಿನ ಮೇಲೆ ಕೂತೆ. ಅವನು ನೀರು ತಂದುಕೊಟ್ಟ. ಯಾವ ಬಣ್ಣ ಅಮ್ಮಾ ಎಂದು ಮೂರು ಸಲ ಕೇಳಿದನಂತೆ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು, “ಬಿಡು, ಅಣ್ಣ ಅಲ್ವಾ” ಎಂದರು. ಬಿಡು ಎನ್ನುವುದು ಅವರ ದೇವರ ನಾಮ. ಮಾರನೆಯ ದಿನ ಬಸ್ಸು ಹತ್ತಿ ಎನ್.ಆರ್.ಪುರಕ್ಕೆ ಹೋಗಿ ಅಮ್ಮನನ್ನು ಕೇಳಿದೆ.

“ಡೀಲಕ್ಸೋ ಪೀಲಕ್ಸೋ ನಂಗೆಂತ ಗೊತ್ತು ಮಾರಾಯ್ತಿ,” ಎಂದರು ಅಮ್ಮ. “ಚಕ್ರಕ್ಕೆ ತಟ್ಟೆ ಇತ್ತು, ಊಟದ ತಟ್ಟೆಯಷ್ಟು ಅಗಲ. ಅದಕ್ಕೂ ನಿನ್ನ ಹೆಸರು ಹಾಕ್ಸಿದೀನಲ್ಲ.”

ನಮ್ಮಲ್ಲಿ ಮಗಳಿಗೆ ಕೊಡುವ ಪಾತ್ರೆಗಳಿಗೆಲ್ಲ ಹೆಸರು ಕೆತ್ತಿಸುವ ಪದ್ಧತಿ. ಉಳಿ ಸುತ್ತಿಗೆ ಹಿಡಿದು ಒಬ್ಬ ಬಂದು ಜಗಲಿಯಲ್ಲಿ ಕೂತು, ಚೊಂಬು, ತಟ್ಟೆ, ಕೊಳಗ ಒಂದೊಂದಕ್ಕೂ ಟಕಟಕ ಎಂದು ಚುಕ್ಕಿಚುಕ್ಕಿಯಾಗಿ ಅಕ್ಷರ ಹೊಡೆಯುತ್ತಾನೆ. ಸಮಾರಾಧನೆಗೆ ಪಾತ್ರೆಗಳು ಎಲ್ಲೆಲ್ಲೋ ಹೋಗುತ್ತವೆ, ಹೆಸರಿದ್ದರೆ ತಿರುಗಿ ಬರುತ್ತವೆ. ನನ್ನ ಮದುವೆಗೆ ಅವನು ಕೂತ ದಿನವೇ ಕಾರು ಬಂದಿತ್ತು. ಡ್ರೈವರ್ ಚಕ್ರದ ಕ್ಯಾಪ್‌ಗಳನ್ನು ಬಿಚ್ಚಿ ತೊಳೆದು ಜಗಲಿಯ ಮೇಲೆ ಕವುಚಿಟ್ಟಿದ್ದ. ಕೆತ್ತುವವನು ಅವೂ ತಟ್ಟೆ ಎಂದುಕೊಂಡು ಸಾಲಾಗಿ ನಾಲ್ಕಕ್ಕೂ ಒಳಗಡೆ ಹೊಡೆದುಬಿಟ್ಟ: ಅಪ್ಪನ ಹೆಸರಿನ ಮೊದಲಕ್ಷರ, ನನ್ನ ಹೆಸರಿನ ಮೊದಲಕ್ಷರ, ಕೆಳಗೆ ಊರು. “ಇಷ್ಟು ದೊಡ್ಡ ತಟ್ಟೇಲಿ ಯಾರು ಉಣ್ಣೋದು ಅಂತ ಅವನೇ ಕೇಳಿದ. ನಿಮ್ಮಪ್ಪ ನಕ್ಕಿದ್ದೇ ನಕ್ಕಿದ್ದು” ಎಂದು ಅಮ್ಮ ಹೇಳುವಾಗ ಅವರಿಗೂ ನಗು ಬಂತು. ನನಗೆ ಬರಲಿಲ್ಲ. ಆ ತಟ್ಟೆಗಳು ಎಲ್ಲಿವೆ ಎಂದು ನನಗೆ ಗೊತ್ತಿತ್ತು. ಅಗಲ ಕ್ಯಾಪಿನ ಕಾರು ನಮ್ಮ ಮನೆತನದಲ್ಲಿ ಒಂದೇ.

ಆದರೆ ಬಸರೀಕಟ್ಟೆಯ ಶೆಡ್ಡಿಗೆ ಬೀಗ. ನಮಗೂ ಭಾವನಿಗೂ ಹೋಗಿಬರುವುದು ನಿಂತಿತ್ತು. ಗಂಡ ಇರುವವರೆಗೆ ನಾನು ಬಾಯಿ ಬಿಡುವಂತಿರಲಿಲ್ಲ. ಹಾಗಾಗಿ ಕಲಿಯುತ್ತಾ ಕೂತೆ. ಶಿವಮೊಗ್ಗದ ಹಳೆ ಪುಸ್ತಕದಂಗಡಿಯಲ್ಲಿ ಆ ಮಾಡೆಲಿನ ಪಾರ್ಟ್ಸ್ ಕ್ಯಾಟಲಾಗ್ ಸಿಕ್ಕಿತು, ಅದನ್ನು ಇಂಗ್ಲಿಷ್ ಕಾದಂಬರಿ ಓದಿದ ಹಾಗೆ ಓದಿದೆ. ಯಾವುದಕ್ಕೆ ಒಂದು ಬಣ್ಣದ ಸೀಟು, ಯಾವುದಕ್ಕೆ ಎರಡು ಬಣ್ಣ. ಯಾವುದಕ್ಕೆ ಮುಚ್ಚಳವಿಲ್ಲದ ಗೂಡು, ಯಾವುದಕ್ಕೆ ಬೀಗ ಇರುವ ಗ್ಲೋವ್ ಬಾಕ್ಸ್. ಕೊಪ್ಪದ ಗ್ಯಾರೇಜಿನವರು ನನ್ನನ್ನು ಕಂಡರೆ, “ಬಂದ್ರು ಇನ್ಸ್‌ಪೆಕ್ಟರ್ ಅಮ್ಮ” ಎನ್ನುತ್ತಿದ್ದರು. ಅಪ್ಪನ ಕಾರು ತುಕ್ಕು ಹಿಡಿದು ಗುಜರಿಗೆ ಹೋಗುವಾಗ ಎಡಗಡೆಯ ಮುಂದಿನ ಬಾಗಿಲನ್ನು ಆ ತೂತುಗಳ ಸಾಕ್ಷಿಗೆಂದು ಬಿಚ್ಚಿಸಿ ಇಟ್ಟುಕೊಂಡೆ. ಗಂಡ ಹೋದ ಮೇಲೆ ಅದು ಅವರ ಮಂಚದ ಕೆಳಗೆ ಇದೆ. ಗುಡಿಸಲು ಬರುವ ಹೆಂಗಸು ಅದರ ಮೇಲೆಯೇ ಪೊರಕೆ ಆಡಿಸಿ ಹೋಗುತ್ತಾಳೆ.

ಕಳೆದ ವರ್ಷ ಭಾವನ ಮೊಮ್ಮಗಳು ಫೋನ್ ಮಾಡಿದಳು. ಒಳ್ಳೆಯ ಹುಡುಗಿ, ಆ ಮನೆಯಿಂದ ನನ್ನ ಮನೆಗೆ ಬರುವವಳು ಅವಳೊಬ್ಬಳೇ, ಕೈಯಲ್ಲಿ ಯಾವಾಗಲೂ ಗ್ರೀಸು. ಅಜ್ಜನ ಕಾರನ್ನು ಶೆಡ್ಡಿನಿಂದ ಎಳೆದು ತಾನೇ ರಿಪೇರಿ ಮಾಡಿದ್ದಾಳೆ.

“ಚಿಕ್ಕಜ್ಜಿ, ಹಳೇ ಕಾರುಗಳ ರ್‍ಯಾಲಿ ಉಂಟು. ಕೊಪ್ಪದಿಂದ ಶೃಂಗೇರಿ, ಅಲ್ಲಿಂದ ಬಾಳೆಹೊನ್ನೂರು ಮೇಲೆ ಎನ್.ಆರ್.ಪುರ. ಪ್ರತಿ ಕಾರಿಗೂ ಒಂದು ಹಿಸ್ಟರಿ ಕಾರ್ಡ್ ಬೇಕು, ಯಾರು ತಗೊಂಡ್ರು, ಯಾವ ಮಾಡೆಲ್ಲು ಅಂತ. ಒರಿಜಿನಲ್ ಡೀಲಕ್ಸಿಗೆ ಬೇರೆ ಪ್ರೈಜ್. ಅಜ್ಜ ಹೇಳಿದ್ರು, ನಿಮ್ಮ ಹತ್ರಾನೇ ಬರ್ಸು, ನಮ್ಮನೇಲಿ ಇಂಗ್ಲಿಷ್ ಅಂದ್ರೆ ಅವಳದ್ದೇ ಅಂತ.”

“ಹಾಗೆ ಹೇಳಿದ್ರಾ?”

“ಹೌದು ಚಿಕ್ಕಜ್ಜಿ. ಸ್ಟ್ಯಾಂಡರ್ಡ್ ಬರೀತಾಳೆ ಅಂದ್ರು. ಅದೆಂತ, ನಿಮ್ಮ ಅಡ್ಡಹೆಸರಾ?”

“ಹೌದು,” ಎಂದೆ. “ಕಾರು ತಗೊಂಡು ಬಾ. ನೋಡದೆ ಬರೆಯೋಕಾಗಲ್ಲ.”

ಮರುದಿನ ತಂದು ನನ್ನ ಗೇಟಿನ ಮುಂದೆ ನಿಲ್ಲಿಸಿದಳು. ನಾನು ಕನ್ನಡಕ ಹಾಕಿ, ಕೈಯಲ್ಲಿ ನೋಟ್‌ಬುಕ್ ಹಿಡಿದು ಸುತ್ತ ಬಂದೆ. ಎಲ್ಲ ಇತ್ತು. ಎರಡು ಬಣ್ಣದ ಸೀಟು, ಹಾರನ್ ರಿಂಗು, ಬಿಸಿಲಿಗೆ ಮರೆ ಮಾಡುವ ಎಡಗಡೆಯ ಹಲಗೆಯ ಹಿಂದೆ ಕನ್ನಡಿ. ಹಿಂದಿನ ಬಾಗಿಲು ತೆಗೆದು ಸೀಟಿನ ಬೆನ್ನಿನ ಪಟ್ಟಿ ಎಳೆದೆ, ಆರ್ಮ್‌ರೆಸ್ಟ್ ಕೆಳಗೆ ಬಂತು. ಅದರ ಮೇಲೆ ಕೈ ಇಟ್ಟೆ. 

“ಚಕ್ರದ ಕ್ಯಾಪ್ ತೆಗೀತೀಯಾ?” ಎಂದೆ.

ಅವಳು ಸ್ಕ್ರೂಡ್ರೈವರ್ ತುದಿಯಿಂದ ಮೀಟಿದಳು. ಟಣ್ ಎಂದು ಬಿತ್ತು. ಮಗುಚಿ ನೋಡಿದೆ. ಐವತ್ತು ವರ್ಷದ ಕೆಸರು. ಸೆರಗಿನಿಂದ ಒರೆಸಿದೆ. ಚುಕ್ಕಿಚುಕ್ಕಿಯಾಗಿ ಅಪ್ಪನ ಅಕ್ಷರ, ನನ್ನ ಅಕ್ಷರ, ಎನ್.ಆರ್.ಪುರ.

“ಇದೆಂತ ಚಿಕ್ಕಜ್ಜಿ, ಪಾರ್ಟ್ ನಂಬರಾ? ನಾಲ್ಕರಲ್ಲೂ ಉಂಟು, ಕೆಸರಿನಡಿ ಚುಕ್ಕಿ ಕಾಣ್ತಿತ್ತು.”

“ಹೌದು, ಪಾರ್ಟ್ ನಂಬರೇ,” ಎಂದೆ.

ಬೀಡಿಂಗಿನ ಒಂದು ತುದಿ ಎಬ್ಬಿಸಲು ಹೇಳಿದೆ. ಹಿಂದೆ ಮೂರು ತೂತು, ಮೂರೂ ಬೋಳು, ತುಕ್ಕಿನ ಉಂಗುರದ ಸಮೇತ. ಒಂದಂತೂ ಡ್ರಿಲ್ ಜಾರಿ ಓರೆಯಾಗಿತ್ತು. ಮದುವೆಗಿಂತ ದೊಡ್ಡ ಖುಷಿ ನನಗೆ ಆ ಓರೆ ತೂತು ಕೊಟ್ಟಿತು, ಸುಳ್ಳು ಹೇಳುವುದಿಲ್ಲ.

ಕಾರ್ಡ್ ಬರೆಯಲು ನನಗೆ ಮೂರು ದಿನ ಹಿಡಿಯಿತು. ದಪ್ಪ ಬಿಳಿ ಕಾರ್ಡ್‌ಬೋರ್ಡ್, ಕಪ್ಪು ಶಾಯಿ, ಸಿಸ್ಟರ್ ಕಲಿಸಿದ, ಕೂಡಿಸಿ ಬರೆಯುವ ಅಕ್ಷರ. ಮೇಲೆ ಇಂಗ್ಲಿಷಿನಲ್ಲಿ, ಕೆಳಗೆ ಕನ್ನಡದಲ್ಲಿ. ಎನ್.ಆರ್.ಪುರದ ಪೇಟೆಯಲ್ಲಿ ಇಂಗ್ಲಿಷ್ ಬರದವರೂ ಓದಬೇಕಲ್ಲ. ಮೊದಲ ದಿನ ಬರೆದದ್ದರಲ್ಲಿ ಬೈಗುಳ ಇತ್ತು, ಹರಿದೆ. ಎರಡನೆಯದರಲ್ಲಿ ನನ್ನ ಅಳು ಇತ್ತು, ಅದನ್ನೂ ಹರಿದೆ. ಮೂರನೆಯದು ಕ್ಯಾಟಲಾಗಿನ ಹಾಗೆ ಒಣಗಿತ್ತು. ಅದನ್ನು ಇಟ್ಟುಕೊಂಡೆ. ಹುಡುಗಿಗೆ ಮೊದಲೇ ಹೇಳಬೇಕಿತ್ತು ಎಂದು ಅನ್ನಿಸಿತು. ಹೇಳಿದ್ದರೆ ಕಾರೇ ಹೊರಡುತ್ತಿರಲಿಲ್ಲ, ಅದಕ್ಕೆ ಹೇಳಲಿಲ್ಲ.

ರ್‍ಯಾಲಿಯ ಬೆಳಿಗ್ಗೆ ಗೂಡ್ಸ್ ಆಟೋದಲ್ಲಿ ಮಂಚದ ಕೆಳಗಿನ ಆ ಬಾಗಿಲನ್ನೂ ಹಾಕಿಸಿಕೊಂಡು ಕೊಪ್ಪದ ಮೈದಾನಕ್ಕೆ ಹೋದೆ. ಆಟೋದವನು, “ಅಜ್ಜಿ, ಬಾಕಿ ಕಾರು ಎಲ್ಲಿ ಬಿದ್ದೋಯ್ತು?” ಎಂದು ಕೇಳಿದ. ಮೈದಾನದಲ್ಲಿ ಇಪ್ಪತ್ತು ಮೂವತ್ತು ಕಾರು. ಭಾವ ಬಿಳಿ ಪಂಚೆ ಉಟ್ಟು, ತಮ್ಮ ಕಾರಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಎಂಬತ್ತು ದಾಟಿದ ವಯಸ್ಸು, ಕಣ್ಣಿಗೆ ಪೊರೆ, ಆದರೆ ಗಂಟಲು ಹಾಗೇ ಇದೆ.

ಮಂಗಳೂರು ಕಡೆಯ ಪರೀಕ್ಷಕರೊಬ್ಬರು ಟಾರ್ಚ್ ಹಿಡಿದು ಕಾರಿನೊಳಗೆ ತಲೆ ಹಾಕಿ ನೋಡುತ್ತಿದ್ದರು. “ಬ್ಯೂಟಿಫುಲ್. ಪಾರ್ಟ್ಸ್ ಎಲ್ಲಾ ಒರಿಜಿನಲ್” ಎಂದರು.

“ಪಾರ್ಟ್ಸ್ ಒರಿಜಿನಲ್ ಸರ್,” ಎಂದೆ. “ಕಾರು ಅಲ್ಲ. ಬೀಡಿಂಗ್ ಹಿಂದೆ ನೋಡಿ. ಆಮೇಲೆ ಈ ಬಾಗಿಲು ನೋಡಿ.”

ಅವರು ಅಲ್ಲಿ ಬಗ್ಗಿ ನೋಡಿದರು, ಇಲ್ಲಿ ಬಗ್ಗಿ ನೋಡಿದರು, ನನ್ನ ಮುಖ ನೋಡಿದರು. “ನೀವು ಈ ಫೀಲ್ಡಿನವರಾ ಮೇಡಂ?” ಎಂದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಬೇಕಿಲ್ಲ.

ನಾನು ಕಾರ್ಡನ್ನು ಮುಂದಿನ ಗಾಜಿಗೆ ಒರಗಿಸಿದೆ. ಜನ ಸೇರಿದರು. ಓದಿದವರ ಗುಸುಗುಸು ಕೇಳಿ ಭಾವ ಕತ್ತು ಎತ್ತಿದರು.

“ಎಂತ ಬರ್ದಿದೀ ಮಾರಾಯ್ತಿ? ಓದು, ನಂಗೆ ಕಾಣಲ್ಲ. ಕನ್ನಡದಲ್ಲಿ ಓದು.”

ಓದಿದೆ. ಕಾನ್ವೆಂಟಿನ ಎಲೊಕ್ಯೂಷನ್ ಕ್ಲಾಸಿನ ಹಾಗೆ, ಕೊನೆಯ ಸಾಲಿನವರಿಗೂ ಕೇಳುವ ಹಾಗೆ. “ಈ ಕಾರು ಸ್ಟ್ಯಾಂಡರ್ಡ್. ಇದರ ಮೇಲಿರುವ ಡೀಲಕ್ಸ್ ಸಾಮಾನು ನರಸಿಂಹರಾಜಪುರದ ಒಬ್ಬ ಬಟ್ಟೆ ವ್ಯಾಪಾರಿ ತನ್ನ ಮಗಳ ಮದುವೆಯಲ್ಲಿ ಕೊಟ್ಟ ಇನ್ನೊಂದು ಕಾರಿನದು. ಮದುವೆಯಾದ ತಿಂಗಳಿಗೆ ಅದನ್ನು ಬಿಚ್ಚಿ ಇದಕ್ಕೆ ಹಾಕಲಾಗಿದೆ. ಗುರುತು: ನಾಲ್ಕು ವೀಲ್ ಕ್ಯಾಪ್‌ಗಳ ಒಳಗೆ ಅಪ್ಪ ಮಗಳ ಹೆಸರಿನ ಮೊದಲಕ್ಷರ. ಆ ವ್ಯಾಪಾರಿ ಹೇಳಿದ ಮಾತಿನಂತೆ ಡೀಲಕ್ಸ್ ಕಾರನ್ನೇ ಕೊಟ್ಟಿದ್ದರು.”

ಹುಡುಗಿ ಕೆಳಗೆ ಕೂತು ಒಂದು ಕ್ಯಾಪ್ ಕಿತ್ತು ಕೈಯಲ್ಲಿ ಹಿಡಿದಳು. “ಅಜ್ಜ, ಹೌದಾ?”

ಭಾವ ಪಂಚೆಯ ಅಂಚು ಸರಿಮಾಡಿಕೊಂಡರು. ಆಮೇಲೆ ನನಗೆ ಹೇಳಿದರು, “ನಿನ್ನ ಅಪ್ಪನಿಗೆ ಗೊತ್ತಿತ್ತು.”

“ಎಂತ ಗೊತ್ತಿತ್ತು?”

“ಎಲ್ಲ. ಆ ದೀಪಾವಳಿ ಕರೆಯೋಕೆ ಬಂದ ದಿನ. ನೀವೆಲ್ಲ ಒಳಗೆ ಹೋದ್ಮೇಲೆ ನನ್ನ ಗಾಡಿ ಹತ್ರ ಬಂದು ಒಂದು ಕ್ಯಾಪ್ ಎತ್ತಿ ನೋಡಿದ್ರು, ತಿರುಗಿ ಹಾಕಿದ್ರು. ನಾನು ಅಲ್ಲೇ ಇದ್ದೆ. ನಾನು ಎಲ್ಲೂ ಬಾಯಿ ಬಿಡಲ್ಲ, ನನ್ನ ಮಗಳಿಗೆ ಈ ಮನೇಲಿ ತೊಂದರೆ ಆಗಬಾರದು, ಅಷ್ಟೇ ಅಂದ್ರು.”

“ನೀವು ಎಂತ ಅಂದ್ರಿ?”

“ಆಯ್ತು ಅಂದೆ.”

“ಹೆಸರು ಅಲ್ಲೇ ಇತ್ತಲ್ಲ ಭಾವ, ಅಳಿಸಲಿಲ್ಲ ಯಾಕೆ?”

“ಅಳಿಸಿದ್ರೆ ಕ್ರೋಮ್ ಹಾಳಾಗ್ತದೆ.”

ಸುತ್ತಲಿದ್ದವರಲ್ಲಿ ಯಾರೋ ನಕ್ಕರು. ಭಾವನೂ ಸ್ವಲ್ಪ ನಕ್ಕರು, ಹಳೆಯ ಅಭ್ಯಾಸ.

“ಆಯ್ತು ಅಂದ ಮೇಲೆ ಜೀವಮಾನ ಪೂರ್ತಿ ನನ್ನನ್ನ ಸ್ಟ್ಯಾಂಡರ್ಡ್ ಅಂತ ಕರೆದದ್ದು?”

“ಅದು ತಮಾಷೆಗೆ ಮಾರಾಯ್ತಿ. ಎಂತ ತೊಂದರೆ ಆಯ್ತು ನಿಂಗೆ? ಊಟಕ್ಕೆ ಕಮ್ಮಿ ಮಾಡಿದ್ವಾ?”

ಬಸ್ ಸ್ಟ್ಯಾಂಡಿಗೆ ಒಬ್ಬರೇ ನಡೆದುಹೋಗುತ್ತಿದ್ದ ಅಪ್ಪನ ಬೆನ್ನು ನನಗೆ ಆಗ ಕಂಡಿತು. ಹೌದು ಮಗ ಎಂದಿದ್ದು ಕೇಳಿಸಿತು. ಅದನ್ನು ಬಗೆಹರಿಸಲು ಯಾವ ಕ್ಯಾಟಲಾಗೂ ಇಲ್ಲ. ಕೈಚೀಲದಿಂದ ಪೆನ್ ತೆಗೆದು ಕಾರ್ಡಿನ ಕೊನೆಗೆ ಕನ್ನಡದಲ್ಲಿ ಇನ್ನೊಂದು ಸಾಲು ಸೇರಿಸಿದೆ: “ಅವರಿಗೆ ಇದು ಗೊತ್ತಿತ್ತು. ಮಗಳಿಗಾಗಿ ಸುಮ್ಮನಿದ್ದರು.” ನಿಂತೇ ಬರೆದದ್ದರಿಂದ ಆ ಸಾಲು ಮಾತ್ರ ಸೊಟ್ಟಗಾಯಿತು.

ಹುಡುಗಿಯ ಕಣ್ಣು ಕೆಂಪಾಗಿತ್ತು. “ಇವತ್ತೇ ಆಗಬೇಕಿತ್ತಾ ಚಿಕ್ಕಜ್ಜಿ?”

“ಹೌದು, ಇವತ್ತೇ,” ಎಂದೆ.

ಕಾರ್ಡ್ ಇಲ್ಲದ ಕಾರು ಹೊರಡುವಂತಿಲ್ಲ ಎಂಬುದು ರ್‍ಯಾಲಿಯ ನಿಯಮ. ಅವಳು ನನ್ನನ್ನೂ ಅಜ್ಜನನ್ನೂ ನೋಡಿ, ಕಾರ್ಡಿನ ನಾಲ್ಕು ಮೂಲೆಗೆ ಟೇಪ್ ಹಚ್ಚಿದಳು. ಭಾವ ತಾನು ಬರುವುದಿಲ್ಲ ಎಂದರು. ಮುಂದಿನ ಸೀಟು ಖಾಲಿ ಇತ್ತು, ನಾನು ಕೂತೆ. ಶೃಂಗೇರಿಯಲ್ಲಿ ಓದಿದವರು ಕಾರಿನ ಚಕ್ರ ಮುಟ್ಟಿ ನೋಡಿದರು. ಎನ್.ಆರ್.ಪುರದ ಪೇಟೆಯಲ್ಲಿ ಒಂದು ಗಂಟೆ ನಿಂತೆವು. ಅಪ್ಪನ ಅಂಗಡಿಯಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಬಹಳ ಜನ ಓದಿದರು, ಅಪ್ಪನನ್ನು ಬಲ್ಲವರು ಅವರಲ್ಲಿ ಇಬ್ಬರೋ ಮೂವರೋ. ಸಾಕಾಗಲಿಲ್ಲ.

ತಿಂಗಳ ಮೇಲೆ ಭಾವ ಒಂದು ಗೋಣಿಚೀಲದಲ್ಲಿ ಹಾರನ್ ರಿಂಗು, ಕ್ಯಾಪು, ಕನ್ನಡಿ ಎಲ್ಲ ಕಟ್ಟಿ ಮೊಮ್ಮಗಳ ಕೈಯಲ್ಲಿ ಕಳಿಸಿದರು. ಅವಳಿಗೆ ಊಟ ಹಾಕಿ ಚೀಲ ವಾಪಸು ಕಳಿಸಿದೆ. ಸಾಮಾನು ನನಗೆ ಬೇಡ. ಭಾವ ಎನ್.ಆರ್.ಪುರದ ನಮ್ಮ ಮನೆಯ ಜಗಲಿಗೆ ಬಂದು, ಅಂದು ಅಂಗಳದಲ್ಲಿ ನೆಲ ನೋಡಿ ನಿಂತವರ ಮಕ್ಕಳನ್ನು ಕೂರಿಸಿಕೊಂಡು, ನನ್ನ ಅಪ್ಪ ಕೊಟ್ಟದ್ದು ಡೀಲಕ್ಸ್ ಎಂದು ತಮ್ಮ ಬಾಯಿಂದಲೇ ಹೇಳಬೇಕು. ಹಾಗೆಂದು ಹೇಳಿ ಕಳಿಸಿದ್ದೇನೆ. ವಯಸ್ಸಾಯಿತು, ಅಷ್ಟು ದೂರ ಆಗುವುದಿಲ್ಲ ಎಂದು ಉತ್ತರ ಬಂತು. ನೆಂಟರು ನನಗೆ ಫೋನ್ ಮಾಡಿ, ಹೋಗಲಿ ಬಿಡಿ, ಇನ್ನು ಎಷ್ಟು ದಿನ ಎನ್ನುತ್ತಾರೆ. ಅವರಿಗೆ ಎಂಬತ್ತೆರಡು, ನನಗೆ ಎಪ್ಪತ್ತಮೂರು. ಬಿಪಿ ಇಲ್ಲ, ಶುಗರ್ ಇಲ್ಲ, ಕಣ್ಣು ಚೆನ್ನಾಗಿ ಕಾಣುತ್ತದೆ. ಕಾಯುತ್ತಿದ್ದೇನೆ.